ಅಕ್ಕ ಮಾತಾಡಿದ ಪುಟ್ಟ ಕಂಪ್ಯೂಟರ್

ಗಂಟಲು ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಅಕ್ಕನ ದನಿ ಪೂರ್ತಿ ಹೋಯಿತು. ಜೀವ ಉಳಿಸಲು ಬೇರೆ ದಾರಿಯಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಬ್ಬಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದವಳು ಅವಳು. ಮಕ್ಕಳಿಗೆ ಪದ್ಯ ಹೇಳಿಕೊಟ್ಟರೆ ಬೀದಿಯ ತುದಿಗೂ ಕೇಳಿಸುತ್ತಿತ್ತು.

ನನಗೆ ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಜೇಬಿನಲ್ಲಿ ಹಿಡಿಯುವಂಥ ಒಂದು ಪುಟ್ಟ ಕಂಪ್ಯೂಟರನ್ನು ಅವಳಿಗೆಂದೇ ಸಿದ್ಧ ಮಾಡಿಕೊಟ್ಟೆ. ಕನ್ನಡದಲ್ಲಿ ಟೈಪ್ ಮಾಡಿದರೆ ಅದು ಯಾರದೋ ಹೆಣ್ಣುದನಿಯಲ್ಲಿ ಓದಿ ಹೇಳುತ್ತಿತ್ತು. ಸಂತೆಯಲ್ಲಿ ಚೌಕಾಸಿ ಮಾಡುವುದು, ಬಸ್ಸಿನಲ್ಲಿ ಟಿಕೆಟ್ ಕೇಳುವುದು ಎಲ್ಲ ಅದರಲ್ಲೇ. ಅಂಗನವಾಡಿಯ ಮಕ್ಕಳು ಮೊದಮೊದಲು ನಕ್ಕರು, ಆಮೇಲೆ ಅದಕ್ಕೂ ಹೊಂದಿಕೊಂಡರು.

ಹೊಂದಿಕೊಳ್ಳಲಾಗದೆ ಹೋದದ್ದು ಅವ್ವನಿಗೆ. ಅವ್ವ ಇರುವುದು ಕುಣಿಗಲ್ಲಿನಲ್ಲಿ, ನನ್ನ ತಮ್ಮನ ಮನೆಯಲ್ಲಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ದಿನಾ ಬೆಳಗ್ಗೆ ಅಕ್ಕನ ಫೋನು ಬಂದರೇನೇ ಅವಳಿಗೆ ಸಮಾಧಾನ. ವಿಷಯ ತಿಳಿಸಿದ್ದರೂ, ಆ ಯಂತ್ರ "ಅವ್ವ, ನಾನು. ತಿಂಡಿ ಆಯ್ತಾ?" ಎಂದಾಗ ಅವಳಿಗೆ ಗುರುತು ಹತ್ತಲಿಲ್ಲ.

"ಯಾರವ್ವ ನೀನು? ನನ್ ಮಗಳ ಕೈಗೆ ಫೋನ್ ಕೊಡು."

ಅಕ್ಕ ಮತ್ತೆ ಟೈಪ್ ಮಾಡಲು ಹೋದಳು. ಅಕ್ಷರಗಳೆಲ್ಲ ತಪ್ಪಿದವು. ಪಕ್ಕದಲ್ಲಿದ್ದ ನಾನು ಫೋನು ತೆಗೆದುಕೊಂಡು ಏನೋ ಸಬೂಬು ಹೇಳಿದೆ. ಅಕ್ಕ ಅಳುತ್ತಿದ್ದಳು, ಸದ್ದೇ ಇರಲಿಲ್ಲ.

ಆ ಭಾನುವಾರ ಅವಳನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದೆ. ಅವ್ವ ಅವಳ ಮುಖ ಸವರಿದಳು. ಕೈ ಕತ್ತಿಗೆ ಇಳಿದು, ಉಸಿರಾಟಕ್ಕೆಂದು ಬಿಟ್ಟಿದ್ದ ತೂತಿನ ಹತ್ತಿರ ನಿಂತಿತು. ಅಕ್ಕ ಕಂಪ್ಯೂಟರ್ ತೆಗೆಯಹೋದಾಗ ಅವ್ವ ಆ ಕೈಯನ್ನು ಹಿಡಿದುಕೊಂಡಳು.

"ಅದು ಬ್ಯಾಡ ಬುಡು ಮಗ. ಹಿಂಗೇ ಕೂತ್ಕೊ."

ಮಧ್ಯಾಹ್ನದವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಕಾಯಿಲೆ ಮರುಕಳಿಸಿ, ಮುಂದಿನ ವರ್ಷವೇ ಅಕ್ಕ ತೀರಿಕೊಂಡಳು. ತಿಂಗಳುಗಳಾದ ಮೇಲೆ, ಅದೇ ಆಪರೇಷನ್ ಆದ ತುಮಕೂರಿನ ನಿವೃತ್ತ ಕಂಡಕ್ಟರೊಬ್ಬರಿಗೆ ಆ ಕಂಪ್ಯೂಟರ್ ಕೊಟ್ಟೆ. ಅವ್ವನಿಗೆ ಹೇಳಿದಾಗ, ಅದರಲ್ಲಿ ಅವರು ಏನು ಮಾತಾಡುತ್ತಾರೆ ಎಂದು ಕೇಳಿದಳು. ಹೆಂಡತಿ ಜೊತೆ ಜಗಳ ಆಡುತ್ತಾರಂತೆ ಎಂದೆ.

"ಆಡ್ಲಿ ಬುಡು," ಎಂದು ಅವ್ವ ಗೋಡೆ ಕಡೆ ತಿರುಗಿ ಮಲಗಿದಳು.