ಹದಿನೇಳು ಬೈಟ್ ಕಡಿಮೆ

ನೇಯಾಫು ಬಂದರಿನ ಎದುರಿಗಿರುವ ರೇಡಿಯೊ ಕಚೇರಿಯಲ್ಲಿ ಸೇಯಿನಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ಊರವರ ಪ್ರಕಟಣೆಗಳನ್ನು ಧ್ವನಿಮುದ್ರಿಸಿ, ಫೈಲ್ ಕಳಿಸುವ ಎಫ್‌ಟಿಪಿಯಲ್ಲಿ ರಾಜಧಾನಿಯ ಸರ್ವರ್‌ಗೆ ಏರಿಸುವುದು. ಮಧ್ಯಾಹ್ನ ಒಂದಕ್ಕೆ ಅವು ಎಲ್ಲ ದ್ವೀಪಗಳಿಗೂ ಕೇಳುತ್ತವೆ. ಫೈಲ್ ಏರಿದ ಮೇಲೂ ಅವಳು ಕುರ್ಚಿ ಬಿಡುವುದಿಲ್ಲ. ಇಲ್ಲಿಯ ಗಾತ್ರ, ಅಲ್ಲಿಯ ಗಾತ್ರ ಎರಡನ್ನೂ ಗಟ್ಟಿಯಾಗಿ ಓದಿ ಹೋಲಿಸುತ್ತಾಳೆ.

"ಮೀನು ಮಾರೋದು ಬಿಟ್ಟರೂ ತಕ್ಕಡಿ ಬಿಡಲಿಲ್ಲ ನೋಡು," ಎಂದು ಜೊತೆಯವರು ನಗುತ್ತಾರೆ.

ಆ ಮಂಗಳವಾರ ಹನ್ನೆರಡೂವರೆಗೆ ಊರಿನ ಮುದುಕ ಕೆಪು ಬಂದ. ಬೆಳಗ್ಗೆ ಅವನ ಅಣ್ಣ ತೀರಿಕೊಂಡಿದ್ದ.

"ಅಕ್ಕ ಹುಂಗಾ ದ್ವೀಪದಲ್ಲಿದಾಳಮ್ಮ, ಫೋನು ಸಿಗ್ತಿಲ್ಲ. ಅಲ್ಲಿಂದ ಎರಡೂವರೆಗೆ ಹೊರಡೋ ದೋಣಿ ತಪ್ಪಿದ್ರೆ ನಾಳೆ ದೋಣಿ ಇಲ್ಲ. ನಾಳೆ ಬೆಳಗ್ಗೆನೇ ಮಣ್ಣು."

ಊರ ಪದ್ಧತಿಯಂತೆ ಸತ್ತವನ ತಲೆದೆಸೆಯಲ್ಲಿ ಅಕ್ಕ ಕೂರದೆ ಏನೂ ಶುರುವಾಗುವಂತಿಲ್ಲ. ಸೇಯಿನಿ ತಡಮಾಡದೆ ಅವನ ಮಾತನ್ನು ಧ್ವನಿಮುದ್ರಿಸಿ ಏರಿಸಿದಳು. ಗಾತ್ರ ಓದಿದಳು. ಅಲ್ಲಿ ಹದಿನೇಳು ಬೈಟ್ ಕಡಿಮೆ.

"ಹದಿನೇಳೇ ತಾನೆ? ಅದು ನನ್ನ ಒಂದು ಕೆಮ್ಮು ಇರಬೇಕು, ಬಿಡು," ಎಂದ ಕೆಪು.

"ಹೋಗಿದ್ದು ಕೆಮ್ಮಾದ್ರೆ ಸರಿ ಮಾವ, ದೋಣಿ ಹೊರಡೋ ಹೊತ್ತು ಹೇಳಿದ ಮಾತಾದ್ರೆ?"

ತಪ್ಪು ಅವಳದೇ. ಬೆಳಗ್ಗೆ ದೋಣಿಗಳ ವೇಳಾಪಟ್ಟಿಯನ್ನು ಬರಹಕ್ಕೆಂದಿರುವ ಟೆಕ್ಸ್ಟ್ ಮೋಡ್‌ನಲ್ಲಿ ಕಳಿಸಿದ್ದಳು. ಆಮೇಲೆ ಧ್ವನಿಗೆ ಬೇಕಾದ ಬೈನರಿಗೆ ಬದಲಿಸುವುದನ್ನು ಮರೆತಿದ್ದಳು. ಟೆಕ್ಸ್ಟ್ ಮೋಡ್ ದಾರಿಯಲ್ಲಿ ಸಾಲಿನ ಗುರುತುಗಳನ್ನು ತಿದ್ದುತ್ತದೆ. ಬರಹಕ್ಕೆ ಅದು ಸರಿ, ಧ್ವನಿಯಾದರೆ ಅಲ್ಲಲ್ಲಿ ಒಡೆಯುತ್ತದೆ. ಅಲ್ಲಿಯ ಫೈಲನ್ನು ಅಳಿಸಿ, ಮೋಡ್ ಬದಲಿಸಿ, ಮತ್ತೆ ಏರಿಸಿದಳು. ಅರ್ಧಕ್ಕೆ ಸಂಪರ್ಕ ಕಡಿಯಿತು. ಕೆಪು ಟೋಪಿ ಹಿಂಡುತ್ತ ನಿಂತಿದ್ದ. ಅವಳು ಇನ್ನೊಮ್ಮೆ ಶುರುಮಾಡಿದಳು.

ಹನ್ನೆರಡು ಐವತ್ತೆಂಟಕ್ಕೆ ಎರಡೂ ಅಂಕಿ ಒಂದೇ ಆದವು.

ಒಂದಕ್ಕೆ ರೇಡಿಯೊದಲ್ಲಿ ಕೆಪುವಿನ ದನಿ ಬಂತು. ಕೆಮ್ಮೂ ಇತ್ತು.

ಸಂಜೆ ಬಾಗಿಲು ಹಾಕುವಾಗ ಸೇಯಿನಿ ಬಂದರಿನ ಕಡೆ ನೋಡಿದಳು. ಹುಂಗಾದ ದೋಣಿಯಿಂದ ಮುದುಕಿಯೊಬ್ಬಳು ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಸಾವಿನ ದಿನ ಕಟ್ಟುವ ಹಳೆಯ ಚಾಪೆ ಬಿಗಿದುಕೊಂಡು ಇಳಿದಳು. ಕೆಪು ಕೈ ಚಾಚಿದ.

"ರೇಡಿಯೊದಲ್ಲಿ ಹಾಗಾ ಕೆಮ್ಮೋದು? ಔಷಧಿ ತಗೊಂಡಿಲ್ವೇನೋ," ಎಂದು ಅವಳು ಗದರಿದಳು. ಆಮೇಲೆ ತಮ್ಮನ ಭುಜ ಹಿಡಿದು ಅತ್ತಳು.

ಸೇಯಿನಿ ಒಳಗೆ ಹೋಗಿ, ಮೋಡ್ ಬೈನರಿಯಲ್ಲೇ ಇದೆಯೇ ಎಂದು ಮತ್ತೊಮ್ಮೆ ನೋಡಿ ಬಂದು ಬೀಗ ಹಾಕಿದಳು.