ಏಳು ಅಡಿಯ ಅಳತೆ

ಕೊಳ್ಳಿದೆವ್ವ ಕಂಡೆ, ಮೋಹಿನಿ ಕಂಡೆ ಎಂದು ಯಾರಾದರೂ ಶುರುಮಾಡಿದರೆ ನಾನು ಅವರ ಮುಖದೆದುರೇ ನಕ್ಕುಬಿಡುತ್ತಿದ್ದೆ. ಶಿರಸಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಅಳತೆಗೆ ಸಿಗದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂಬ ಜಂಬ ಬೇರೆ. ಅದು ಇಳಿದದ್ದು ಹಾಡುಹಗಲಿನಲ್ಲಿ, ಕರನಿರಾಕರಣೆ ಚಳವಳಿಯ ಬಿಸಿ ಇನ್ನೂ ಆರಿರದ ವರ್ಷಗಳಲ್ಲಿ.

ಯಲ್ಲಾಪುರದ ಕರೀಮಸಾಬರು ನನ್ನ ಸ್ನೇಹಿತರು. ಮೋಟಾರು ಓಡಿಸುವುದು ಅವರ ಹೊಟ್ಟೆಪಾಡು. ಜೀವವೆಲ್ಲ ತಾವೇ ಕಟ್ಟಿದ, ಸುದ್ದಿ ಕಳಿಸುವ ರೇಡಿಯೋ ಯಂತ್ರದಲ್ಲಿ. ಅದಕ್ಕೆ ಸರಕಾರದ ಲೈಸೆನ್ಸೂ ಇತ್ತು. ಆದರೆ ಸಾಬರು ಚಳವಳಿಯವರಿಗೆ ಸುದ್ದಿ ಮುಟ್ಟಿಸುತ್ತಾರೆಂದು ಯಾರೋ ಹೊಟ್ಟೆಕಿಚ್ಚಿನವರು ಅರ್ಜಿ ಹಾಕಿದರು. ಪೊಲೀಸ್ ಫೌಜದಾರರು ಬಂದರು. ಲೈಸೆನ್ಸಿನಲ್ಲಿ ಹೇಳಿದ ತರಂಗದಲ್ಲೇ ಯಂತ್ರ ನಡೆಯುತ್ತಿದ್ದರೆ ಸರಿ, ಇಲ್ಲವಾದರೆ ಯಂತ್ರ ಜಪ್ತಿ, ಸಾಬರು ಜೈಲಿಗೆ. ಅದನ್ನು ಅಳೆಯಲು ಗೊತ್ತಿದ್ದವನು ಸುತ್ತಮುತ್ತ ನಾನೊಬ್ಬನೇ. ಸಾಬರೇ ನನ್ನ ಹೆಸರು ಹೇಳಿದರಂತೆ.

ಸಾಬರ ಮೋಟಾರು ಶೆಡ್ಡಿನಲ್ಲಿ ಎರಡು ತಾಮ್ರದ ತಂತಿಗಳನ್ನು ಜೊತೆಜೊತೆಯಾಗಿ ಎಳೆದು ಕಟ್ಟಿ, ಒಂದು ತುದಿಯನ್ನು ಯಂತ್ರದ ಹತ್ತಿರ ಇಟ್ಟೆ. ಟಾರ್ಚಿನ ಪುಟ್ಟ ಬಲ್ಬನ್ನು ತಂತಿಗಳ ಮೇಲೆ ಸರಿಸುತ್ತ ಹೋದರೆ ಯಂತ್ರದ ತರಂಗದ ಬಲದಿಂದ ಎರಡು ಕಡೆ ಅದು ಹೊಳೆಯುತ್ತದೆ. ಆ ಎರಡರ ನಡುವಿನ ದೂರ ಲೈಸೆನ್ಸಿನ ತರಂಗದ ಲೆಕ್ಕದಂತೆ ಎಂಟೂವರೆ ಅಡಿ ಬಂದರೆ ಸಾಬರು ಬಚಾವು. ಹೊಳೆದ ಎರಡೂ ಕಡೆ ದಾರ ಕಟ್ಟಿದೆ. ಗಂಟು ಸರಿಯದಂತೆ ಫೌಜದಾರರು ಅರಗು ಕಾಯಿಸಿ ಮೊಹರು ಒತ್ತಿದರು. ಟೇಪು ಹಿಡಿದೆ. ಏಳು ಅಡಿ.

“ಇನ್ನೊಮ್ಮೆ ಹಿಡೀರಿ ಮಾಸ್ತರ್ರ,” ಎಂದರು ಸಾಬರು.

ಹಿಡಿದೆ. ಮೂರು ಸಲವೂ ಏಳೇ. ಫೌಜದಾರರೂ ಬಗ್ಗಿ ನೋಡಿದರು. ನಾನು ಕಾಗದಕ್ಕೆ ಸಹಿ ಹಾಕಿದೆ. ಸತ್ಯ ಬರೆದೆನೆಂಬ ಸಮಾಧಾನ ಬೇರೆ ನನಗೆ! ಯಂತ್ರವನ್ನೂ ಸಾಬರನ್ನೂ ಒಂದೇ ಗಾಡಿಯಲ್ಲಿ ಒಯ್ದರು. ಶೆಡ್ಡಿಗೆ ಬೀಗ ಬಿತ್ತು.

ಕೆಲವು ತಿಂಗಳ ಮೇಲೆ ಪೊಲೀಸರು ಬೀಗ ತೆಗೆದರು. ನನ್ನ ತಂತಿ ಬಿಚ್ಚಿಕೊಳ್ಳಲು ಹೋದೆ. ಮೊಹರು ಒಡೆದಿರಲಿಲ್ಲ. ಯಾಕೋ ಮನಸ್ಸು ತಡೆಯದೆ ಅದೇ ಟೇಪನ್ನು ಅದೇ ಗಂಟುಗಳ ನಡುವೆ ಹಿಡಿದೆ. ಎಂಟೂವರೆ ಅಡಿ! ಟೇಪನ್ನು ಬಾಗಿಲಿಗೆ ಹಿಡಿದು ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಒಂದೂವರೆ ಅಡಿ ಹಿಗ್ಗುವ ತಾಮ್ರದ ವಿಷಯ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಫೌಜದಾರರ ಬಳಿಗೆ ಓಡಿದೆ.

“ಸಹಿ ನಿಮ್ದ ಅಲ್ಲೇನ್ರಿ?” ಎಂದು ಅವರು ಫೈಲು ಮುಚ್ಚಿದರು.

ಸಾಬರು ಬಿಡುಗಡೆಯಾಗಿ ಬಂದಾಗ ಗುರುತು ಸಿಗದಷ್ಟು ಸೊರಗಿದ್ದರು. ನಡೆದದ್ದನ್ನೆಲ್ಲ ಹೇಳಿ ಕೈಮುಗಿದೆ. ಆ ಅಳತೆ ಹೇಗೆ ಬದಲಾಯಿತೋ ಅಂದೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಸಾಬರಿಗೆ ಅದು ಬೇಕಾಗಿಯೂ ಇರಲಿಲ್ಲ.

“ಅವತ್ತು ನಂಗೂ ಏಳೇ ಕಂಡಿತ್ತು, ಮಾಸ್ತರ್ರ. ನೀವೇನೂ ಸುಳ್ಳು ಬರೀಲಿಲ್ಲ,” ಎಂದರು. “ಆದ್ರ ನಾ ನಿಮ್ಮನ್ನ ಕರೆಸಿದ್ದು ಅಳೀಲಿಕ್ಕಲ್ಲ, ಉಳಸ್ಲಿಕ್ಕ.”