ಜೆಲ್ಡಾಳ ಕೈರುಚಿ

ಬ್ರೋನ್ಯಾ ಟೆಪರ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆ ಕೆಲಸವನ್ನೆಲ್ಲ ಅವಳು ಗಂಡ ಹೆರ್ಷಲನಿಗೆ ಬಿಟ್ಟುಕೊಟ್ಟಿದ್ದಳು. ಯುದ್ಧ ಮುಗಿದ ಮೇಲೆ ಕೆನಡಾದವರು ದರ್ಜಿಗಳು ಬೇಕೆಂದು ಬಂದಾಗ, ಸೂಜಿಗೆ ದಾರ ಪೋಣಿಸಲೂ ಬಾರದ ಹೆರ್ಷಲ್ ತಮ್ಮದು ಅಜ್ಜನ ಕಾಲದಿಂದ ದರ್ಜಿಗಳ ಮನೆತನ ಎಂದುಬಿಟ್ಟ. ಪರೀಕ್ಷೆಯ ಹಿಂದಿನ ದಿನ ಬ್ರೋನ್ಯಾ ಅವನನ್ನು ಎದುರಿಗೆ ಕೂರಿಸಿಕೊಂಡು ಕಾಜಾ ಹೊಲಿಯುವುದನ್ನು ಕಲಿಸಿದಳು. ಹಾಗೆ ಇಬ್ಬರೂ ಮಾಂಟ್ರಿಯಲ್ ಸೇರಿದರು. ಅವಳು ಕೋಟು ಕಾರ್ಖಾನೆಯಲ್ಲಿ ಕಾಜಾ ಹೊಲಿಯುತ್ತಲೇ ತಲೆ ಬೆಳ್ಳಗಾಗಿಸಿಕೊಂಡಳು. ಅವನೋ, ಮೂರೇ ತಿಂಗಳಿಗೆ ಸೂಜಿ ಬಿಸಾಕಿ ಉಪ್ಪುಮೀನಿನ ಅಂಗಡಿ ಸೇರಿಕೊಂಡ.

ನಿವೃತ್ತಿಯಾದ ಮೇಲೆ ಬ್ರೋನ್ಯಾ ಬರೆಯಲು ಕೂತಳು. ಆ ಬಡಾವಣೆಯಲ್ಲಿ ಅದೇನೂ ವಿಶೇಷವಲ್ಲ. ನಾಜಿ ಶಿಬಿರಗಳಿಂದ ಜೀವ ಉಳಿಸಿಕೊಂಡು ಬಂದ ಯೆಹೂದಿಗಳು ಮನೆಮನೆಯಲ್ಲೂ ಇದ್ದರು, ಅರ್ಧಕ್ಕರ್ಧ ಜನ ಬರೆಯುತ್ತಲೂ ಇದ್ದರು. ಅವಳು ಅಡುಗೆಮನೆಯ ಮೇಜಿನ ಮೇಲೆ ತಮ್ಮ ಯಿಡ್ಡಿಷ್ ಭಾಷೆಯಲ್ಲಿ ಬರೆಯುವುದು, ಅವನು ಹಲ್ಲಿನ ನಡುವೆ ಸಕ್ಕರೆ ಅಚ್ಚು ಕಚ್ಚಿಕೊಂಡು ನಿಂಬೆ ಚಹಾ ಹೀರುತ್ತ ಓದಿ ತಕರಾರು ತೆಗೆಯುವುದು, ಹೀಗೆ ಸಂಸಾರ ಸುಖವಾಗಿಯೇ ಸಾಗಿತ್ತು.

ಶಿಬಿರದ ಗೆಳತಿ ಜೆಲ್ಡಾಳ ಅಧ್ಯಾಯಕ್ಕೆ ಬಂದಾಗ ಹೆರ್ಷಲ್ ಲೋಟ ಕೆಳಗಿಟ್ಟ.

"ಇದೇನೇ ಇದು? 'ಜೆಲ್ಡಾಳ ಕೈರುಚಿಗೆ ಸಾಟಿಯೇ ಇರಲಿಲ್ಲ.' ನಲವತ್ತು ವರ್ಷದಿಂದ ನಂಗೇನು ಹೇಳ್ತಾ ಬಂದಿದ್ದೀಯ? ಅವಳಿಗೆ ನೀರು ಕಾಯ್ಸಕ್ಕೂ ಬರ್ತಿರ್ಲಿಲ್ಲ ಅಂತ!"

"ನೀನಿದ್ಯಾ ಅಲ್ಲಿ?"

"ಇರ್ಲಿಲ್ಲ."

"ಮತ್ತೆ? ಬಾಯ್ಮುಚ್ಕೊಂಡು ಚಾ ಕುಡಿ."

ಆದರೆ ಹೆರ್ಷಲ್ ಹೇಳಿದ್ದೇ ನಿಜ. ಬ್ರೋನ್ಯಾ ಇದ್ದ, ಗುಂಡು ತಯಾರಿಸುವ ಕಾರ್ಖಾನೆಯ ಆ ಶಿಬಿರದಲ್ಲಿ, ಹಲಗೆಗಳ ಮೇಲೆ ಒತ್ತಿಕೊಂಡು ಮಲಗಿದ ಹೆಂಗಸರು ಬರೀ ಬಾಯಿಮಾತಲ್ಲೇ ಅಡುಗೆ ಮಾಡುತ್ತಿದ್ದರು. ಹೊಟ್ಟೆಗಿಲ್ಲದವರಿಗೆ ಅದೊಂದು ಹುಚ್ಚು. ಒಬ್ಬಳು ಮೀನು ಬೇಯಿಸಿದರೆ ಇನ್ನೊಬ್ಬಳು ಈರುಳ್ಳಿ ಹುರಿಯುತ್ತಿದ್ದಳು. ಜೆಲ್ಡಾಳ ಸರದಿ ಬಂತೆಂದರೆ ಎಲ್ಲರೂ ಕಿವಿ ನಿಮಿರಿಸುತ್ತಿದ್ದರು. ಹೊಸ ವರ್ಷದ ಜೇನು ಕೇಕು ಮಾಡಲು ಹೊರಟು ಅವಳು ಒಮ್ಮೆ ಜೇನನ್ನೇ ಮರೆತಳು. ಇನ್ನೊಮ್ಮೆ ಸಕ್ಕರೆಯ ಡಬ್ಬಿ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದಳು, ಅದೂ ಬಾಯಲ್ಲಿ! "ಏ ಹುಡುಗಿ, ಇಲ್ದಿರೋ ಒಲೆ ಮೇಲೂ ಸೀಯಿಸ್ತೀಯಲ್ಲೇ!" ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಜೆಲ್ಡಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಯುದ್ಧದ ಕೊನೆಯ ಚಳಿಗಾಲದಲ್ಲಿ ವಿಷಮಜ್ವರ ಬಂದು ಅವಳು ಹೋದಳು. ಅವಳಿಗೊಬ್ಬಳು ಪುಟ್ಟ ಮಗಳಿದ್ದಳು, ಎಸ್ತೇರಾ. ಪೋಲೆಂಡಿನ ಯಾರದೋ ಕ್ರೈಸ್ತರ ಮನೆಯಲ್ಲಿ ಬಚ್ಚಿಟ್ಟು ಬಂದಿದ್ದಳು.

ಸತ್ತವಳು ಎದ್ದು ಬಂದು ಉತ್ತರ ಕೊಡಲಾರಳು, ಅವಳನ್ನು ನಗೆಪಾಟಲು ಮಾಡುವುದು ಹೇಗೆ? ಅವರ ಜನರಲ್ಲಿ ಸತ್ತವರ ಹೆಸರೆತ್ತಿದರೆ ಹಿಂದೆಯೇ "ಅವಳಿಗೆ ಶಾಂತಿಯಿರಲಿ" ಎನ್ನಬೇಕು. ಅದನ್ನು ಹೇಳಿದ ಬಾಯಲ್ಲೇ ಉಪ್ಪಿನ ಕತೆ ಹೇಳಲು ಬ್ರೋನ್ಯಾಳಿಗೆ ಮನಸ್ಸಾಗಲಿಲ್ಲ. ಹಾಗಾಗಿ ತನ್ನ ತಾಯಿಯ ಜೇನು ಕೇಕನ್ನು ಅಳತೆಯ ಸಮೇತ ಜೆಲ್ಡಾಳ ಹೆಸರಿಗೆ ಬರೆದುಕೊಟ್ಟಳು. ಪುಸ್ತಕ ಅಚ್ಚಾಯಿತು, ಇಂಗ್ಲಿಷಿಗೂ ಬಂತು. ಬೀದಿಯ ಹೆಂಗಸರೆಲ್ಲ ನೋಡಿಕೊಂಡು ಕೇಕು ಮಾಡಿದರು, ಎಲ್ಲರದೂ ಚೆನ್ನಾಗಿಯೇ ಬಂತು.

ಒಂದು ದಿನ ಟೊರಾಂಟೊದಿಂದ ಫೋನು ಬಂತು. ಮಾತಾಡಿದವಳು ಎಸ್ತೇರಾ.

ಆ ಮಗು ಬದುಕಿತ್ತು! ಮಗುವೇನು, ಈಗ ಐವತ್ತರ ಹತ್ತಿರದ ಹೆಂಗಸು. "ಅಮ್ಮನ ಮುಖ ನಂಗೆ ನೆನಪಿಲ್ಲ. ಫೋಟೋನೂ ಇಲ್ಲ," ಎಂದಳು ಎಸ್ತೇರಾ. "ನಿಮ್ಮ ಪುಸ್ತಕದಲ್ಲಿರೋ ಆ ಅಧ್ಯಾಯ, ಅಷ್ಟೇ ನನ್ನಮ್ಮ. ನಿಮ್ಮನ್ನ ನೋಡಕ್ಕೆ ಬರ್ಲಾ?"

ಫೋನಿಟ್ಟ ಮೇಲೆ ಬ್ರೋನ್ಯಾಳಿಗೆ ಸಂತೋಷಕ್ಕೆ ಅಳು, ಅಳುವಿನ ಹಿಂದೆಯೇ ಭಯ. ಆ ಹುಡುಗಿಗೆ ಇದ್ದದ್ದು ಒಂದೇ ಅಧ್ಯಾಯದ ತಾಯಿ, ಅದರಲ್ಲೂ ಅರ್ಧ ಬ್ರೋನ್ಯಾಳ ಕಟ್ಟುಕತೆ. ನಿಜ ಹೇಳಿದರೆ ಅವಳಿಗೆ ಏನು ಉಳಿಯುತ್ತದೆ?

"ಹೇಳ್ಬಿಡು," ಎಂದ ಹೆರ್ಷಲ್.

"ನಿನ್ ತಲೆ! ಅಷ್ಟು ದೂರದಿಂದ ಬರೋಳಿಗೆ, ನಿಮ್ಮಮ್ಮ ಅಡುಗೆಮನೇಲಿ ದಂಡಪಿಂಡ ಆಗಿದ್ಲು ಕಣಮ್ಮ ಅನ್ಲಾ?"

"ನಾನು ದರ್ಜಿ ಅಂದಿದ್ದು ಎಷ್ಟು ದಿನ ನಡೀತು, ನೋಡು."

ಎಸ್ತೇರಾ ಬಂದದ್ದು ಅವರ ಹೊಸ ವರ್ಷದ ಬೆನ್ನಿಗೇ ಬರುವ ಉಪವಾಸದ ದೊಡ್ಡ ಹಬ್ಬದ ಮುನ್ನಾದಿನ. ಆ ದಿನ ಬ್ರೋನ್ಯಾಳ ಬಾಗಿಲಿಗೆ ಬೀದಿಯವರೆಲ್ಲ ಬಂದು ಕೈಚಾಚಿ ಜೇನು ಕೇಕು ಬೇಡುತ್ತಾರೆ. ಬರುವ ವರ್ಷ ಯಾರ ಮುಂದಾದರೂ ಕೈಯೊಡ್ಡುವುದು ಹಣೆಯಲ್ಲಿ ಬರೆದಿದ್ದರೆ ಅದು ಈ ಕೇಕಿನ ತುಂಡಿಗೇ ತೀರಿಹೋಗಲಿ ಎಂದು. ಕೈತುಂಬ ಸಂಪಾದಿಸುವ ಡಾಕ್ಟರುಗಳೂ ಅಂದು ಭಿಕ್ಷುಕರೇ. ಆದರೆ ಎಸ್ತೇರಾ ಬೇಡಲು ಬಂದಿರಲಿಲ್ಲ, ಕೈಯಲ್ಲಿ ಒಂದು ಡಬ್ಬಿ ಹಿಡಿದು ನಿಂತಿದ್ದಳು. ಅಗಲ ಹಣೆ, ಒಂದಕ್ಕೊಂದು ತಾಗಿದ ಹುಬ್ಬು. ಜೆಲ್ಡಾಳೇ ವಯಸ್ಸಾಗಿ ಬಂದು ನಿಂತಂತೆ ಕಂಡು ಬ್ರೋನ್ಯಾ ಅವಳನ್ನು ತಬ್ಬಿಕೊಂಡಳು.

ಒಳಗೆ ಬಂದು ಕೂತ ಎಸ್ತೇರಾ ಡಬ್ಬಿ ತೆರೆಯಲು ಒಪ್ಪಲಿಲ್ಲ. ಹೆರ್ಷಲನೇ ತೆರೆದ. ಕೇಕಿನ ಅಂಚು ಕರ್ರಗೆ ಸೀದಿತ್ತು, ನಡುವೆ ಗುಳಿ ಬಿದ್ದಿತ್ತು.

"ಅಮ್ಮನ ಕೇಕು ಮಾಡ್ಕೊಂಡು ಬರೋಣ ಅಂತಿದ್ದೆ," ಎಂದಳು. "ಮೂರು ಸಲ ಮಾಡ್ದೆ. ಇದೇ ಇದ್ದಿದ್ರಲ್ಲಿ ವಾಸಿ." ಅವಳು ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. "ನನ್ನ ಸಾಕಿದೋರು ಸ್ಟೆಫಾನಿಯಾ. ಬೇಕರಿಯವರು. ಒಳ್ಳೆಯೋರು, ನನಗೋಸ್ಕರ ಜೀವ ಒತ್ತೆ ಇಟ್ಟೋರು. ಆದ್ರೆ ನಾನು ಹಿಟ್ಟಿಗೆ ಕೈ ಹಾಕಿದ್ರೆ ಸಾಕು, ಅಯ್ಯೋ ದೇವ್ರೇ, ಯಾರ ಕೈಯೇ ಇದು, ಅಂತಿದ್ರು. ನಿಮ್ಮ ಪುಸ್ತಕ ಓದಿದ ಮೇಲೆ ಇನ್ನೂ ಸಂಕಟ ಆಯ್ತು. ಅಂಥ ಅಮ್ಮಂಗೆ ನಾನು ಹೇಗೆ ಹುಟ್ಟಿದೆ?"

ಬ್ರೋನ್ಯಾ ಕೇಕನ್ನು ನೋಡಿದಳು, ಹುಬ್ಬುಗಳನ್ನು ನೋಡಿದಳು. ಎಲ್ಲಿಂದಲೋ ನಗು ಉಕ್ಕಿ ಬಂತು. ತಡೆಯಲು ಸೆರಗೂ ಇಲ್ಲ ಏನೂ ಇಲ್ಲ, ಮೇಜಿನ ಬಟ್ಟೆಯ ಅಂಚನ್ನೇ ಬಾಯಿಗೆ ತುರುಕಿಕೊಂಡಳು. ಎಸ್ತೇರಾಳ ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬೇಡ ಮಗಳೇ," ಎಂದಳು ಕೊನೆಗೆ ಕಣ್ಣೊರೆಸಿಕೊಳ್ಳುತ್ತ. "ಆ ಅಳತೆ ಸರಿಯಾಗೇ ಇದೆ. ಅದು ನಮ್ಮಮ್ಮಂದು. ಈ ಬೀದೀಲಿ ಎಲ್ರಿಗೂ ಬರುತ್ತೆ, ಇವನಿಗೂ ಬರುತ್ತೆ! ನಿಮ್ಮಮ್ಮಂಗೆ ಬರ್ತಿರ್ಲಿಲ್ಲ. ಏನೂ ಬರ್ತಿರ್ಲಿಲ್ಲ ಕಣೇ ಅವಳಿಗೆ! ಸತ್ತೋಳು ಪಾಪ ಅಂತ ನಾನೇ ಅವಳನ್ನ ಅಡುಗೆ ರಾಣಿ ಮಾಡ್ಬಿಟ್ಟೆ."

ಒಮ್ಮೆ ಕಟ್ಟೆ ಒಡೆದ ಮೇಲೆ ಬ್ರೋನ್ಯಾ ಎಲ್ಲವನ್ನೂ ಹೇಳಿದಳು. ಮರೆತ ಜೇನು, ಉಪ್ಪಿನ ಡಬ್ಬಿ, ಹೆಂಗಸರ ನಗು, ಎಲ್ಲ. ಜೆಲ್ಡಾ ನಗುವಾಗ ಗೊರಕೆಯಂಥ ಸದ್ದು ಬರುತ್ತಿತ್ತು ಎಂದೂ ಹೇಳಿದಳು. "ನನ್ನ ಎಸ್ತೇರಾ ಪುಣ್ಯವಂತೆ, ನನ್ನ ಕೈ ಅಡುಗೆ ತಿನ್ನೋದು ತಪ್ತು" ಎನ್ನುತ್ತಿದ್ದಳಂತೆ. ಹಾಗೆ ಅಂದ ಕೂಡಲೇ ಅತ್ತುಬಿಡುತ್ತಿದ್ದಳಂತೆ. ಪುಸ್ತಕದಲ್ಲಿ ಇದೊಂದೂ ಇರಲಿಲ್ಲ. ಅಲ್ಲಿದ್ದವಳು ತೆಪ್ಪಗೆ ಕೂತ ಯಾವಳೋ ಪುಣ್ಯಾತ್ಗಿತ್ತಿ.

ಎಸ್ತೇರಾ ಕೇಕಿನ ಸೀದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೊಟ್ಟ ತಾಯಿಯನ್ನು ತಾನೇ ಕಿತ್ತುಕೊಂಡೆನಲ್ಲಾ ಎಂದುಕೊಂಡಳು ಬ್ರೋನ್ಯಾ.

"ಉಪ್ಪು... ಬಾಯಲ್ಲಿ ಮಾಡೋ ಕೇಕಿಗಾ?" ಎಂದಳು ಎಸ್ತೇರಾ.

"ಬಾಯಲ್ಲಿ ಮಾಡೋ ಕೇಕಿಗೇ!"

ಎಸ್ತೇರಾ ನಕ್ಕಳು. ನಗುತ್ತ ನಗುತ್ತ ಮೂಗಿನಿಂದ ಗೊರಕೆಯಂಥ ಸದ್ದು ಬಂತು. ಬ್ರೋನ್ಯಾ ಹೆರ್ಷಲನ ತೋಳು ಹಿಡಿದುಕೊಂಡಳು. ನಲವತ್ತೈದು ವರ್ಷದಿಂದ ಕೇಳದಿದ್ದ ಸದ್ದು ಅದು.

ಆಮೇಲೆ ಬ್ರೋನ್ಯಾ ಎದ್ದು ತನ್ನ ಚೆಂದದ ಕೇಕನ್ನು ಬದಿಗೆ ಸರಿಸಿ, ಎಸ್ತೇರಾಳ ಮುಂದೆ ಎರಡೂ ಕೈ ಚಾಚಿದಳು. "ಕೊಡಮ್ಮ, ಒಂದು ತುಂಡು."

"ಇದನ್ನಾ? ಬೇಡ, ಸೀದಿದೆ!"

"ಇವತ್ತು ಬೇಡಿದೋರಿಗೆ ಇಲ್ಲ ಅನ್ಬಾರ್ದು ತಾಯಿ," ಎಂದ ಹೆರ್ಷಲ್. "ಸಿಹಿ ವರ್ಷ ಬರ್ಲಿ ಅಂತ ಹೇಳಿ ಕೊಡು. ನಂಗೂ ಕೊಡು, ನನ್ನ ಹಲ್ಲು ಇನ್ನೂ ಗಟ್ಟಿಯಿದೆ."

ಅವನಂದಂತೆಯೇ ಹೇಳಿ ಎಸ್ತೇರಾ ಇಬ್ಬರಿಗೂ ಕೊಟ್ಟಳು. ಬ್ರೋನ್ಯಾ ಸೀದ ಅಂಚನ್ನೂ ಬಿಡದೆ ತಿಂದಳು. ಎಸ್ತೇರಾ ಮಾತ್ರ ಕೇಕಿನ ಪುಡಿ ಅಂಟಿದ್ದ ತನ್ನ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದಳು.

"ಸ್ಟೆಫಾನಿಯಾ ಇವತ್ತು ಇದ್ದಿದ್ರೆ," ಎಂದಳು, "ಯಾರ ಕೈ ಅಂತ ಹೇಳ್ತಿದ್ದೆ."